ತೊಟ್ಟಿ ತುಂಬಿದ ಮೇಲೆ

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ನಂಜನಗೂಡಿನ ನಮ್ಮ ಮನೆಗೆ ವಾಪಸು ಬಂದು ಕೆಲಸ ಹುಡುಕುತ್ತಿದ್ದೆ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಕೇರಿಯಿಂದ ಹೊರಟು ತಿಂಗಳ ಸಂಬಳ ಕಂಡ ಮೊದಲ ತಲೆಮಾರು ಅವರದು. ಪಟ್ಟಣದಲ್ಲಿ ವಿದೇಶಿ ಸಂಸ್ಥೆಯೊಂದು ಕಚೇರಿ ತೆರೆದಿದೆಯಂತೆ, ಇಂಗ್ಲಿಷ್ ಕನ್ನಡ ಎರಡೂ ಬಲ್ಲ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದಾರಂತೆ ಎಂದು ತಮ್ಮ ಬಸ್ಸಿನಲ್ಲಿ ಯಾರೋ ಆಡಿದ ಮಾತು ಕೇಳಿಸಿಕೊಂಡ ಅಪ್ಪ ಅವತ್ತು ಚಪ್ಪಲಿ ಕೂಡ ಬಿಡದೆ ನಡುಮನೆಗೆ ಬಂದಿದ್ದರು.

ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಕಾರ್ಯಕ್ರಮ ಸಹಾಯಕಿ, ಮಾಡಬೇಕಾದದ್ದು ದುಭಾಷಿಯ ಕೆಲಸ. ಯೂರೋಪಿನ ಬೇರೆ ಬೇರೆ ದೇಶಗಳಿಂದ ಸ್ವಯಂಸೇವಕರ ತಂಡಗಳು ಬರುತ್ತಿದ್ದವು. ಕೆಲವು ವಾರ ಇದ್ದು, ಹಳ್ಳಿಗಳಲ್ಲಿ ಗಿಡ ನೆಟ್ಟು, ಮಕ್ಕಳಿಗೆ ಹಾಡು ಹೇಳಿಕೊಟ್ಟು, ಹೊಟ್ಟೆ ಕೆಡಿಸಿಕೊಂಡು, ಹೋಗುವಾಗ ಕಣ್ಣೀರು ಹಾಕಿ ಹೋಗುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ಒಳ್ಳೆಯವರೇ. ಮುದ್ದೆ ನುಂಗಲು ಬಾರದೆ ಅಗಿದು ಅಗಿದು ದವಡೆ ನೋಯಿಸಿಕೊಂಡರೂ ತಟ್ಟೆಯಲ್ಲಿ ಒಂದು ಚೂರು ಬಿಡುತ್ತಿರಲಿಲ್ಲ. ಅವರು ಪರದೇಶದವರು ಅನ್ನುವುದಕ್ಕೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಸಿಟ್ಟೇ ಹೆಚ್ಚಾಗಿದೆ.

ನಮ್ಮ ಕೆಲಸ ಹೆಚ್ಚಾಗಿ ನಡೆದದ್ದು ಟಿ. ನರಸೀಪುರದ ಕಡೆ, ನಾಲೆಯ ಕೊನೆಗೆ ಇದ್ದ ಒಂದು ಊರಿನಲ್ಲಿ. ಊರು ಒಂದು ಕಡೆ, ಕೇರಿ ಒಂದು ಕಡೆ, ನಡುವೆ ಒಂದು ಗದ್ದೆಬಯಲು. ಮೊದಲನೇ ಸಲ ಸ್ವಯಂಸೇವಕರನ್ನು ಕರೆದುಕೊಂಡು ಹೋದಾಗ ಊರೊಳಗೆ ಹಾಲಿನ ಡೈರಿಯ ಸೆಕ್ರೆಟರಿಯವರ ಮನೆಗೆ ಹೋದೆವು. ಜಮೀನಿದ್ದವರು, ಮಾತಿನಲ್ಲಿ ಬಲು ಮೃದು. ಬಿಳಿಯರನ್ನು ಹಜಾರದಲ್ಲಿ ಕುರ್ಚಿಯ ಮೇಲೆ ಕೂರಿಸಿ ಫಳಫಳ ಹೊಳೆಯುವ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ನನ್ನನ್ನು ಯಾವೂರು, ಯಾರ ಮಗಳು ಎಂದು ವಿಚಾರಿಸಿದರು. ಹೇಳಿದೆ. ನನಗೆ ಜಗಲಿಯ ಮೇಲೆ, ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಬಂತು. ಹಜಾರದೊಳಗೆ ಕೂತವರ ಮಾತನ್ನು ನಾನು ಬಾಗಿಲಾಚೆಯಿಂದ ಗಂಟಲು ಏರಿಸಿ ಅನುವಾದ ಮಾಡಿದೆ. ವಾಪಸು ಬರುವಾಗ ತಂಡದವನೊಬ್ಬ, "ನಿನಗೆ ಹೊಸ ಲೋಟ ಕೊಟ್ಟರು, ನಮಗೆ ಕೊಡಲಿಲ್ಲ. ಸ್ವಚ್ಛತೆಯ ದೃಷ್ಟಿಯಿಂದ ಅದೇ ಒಳ್ಳೆಯದು," ಎಂದ. ನಾನು ವಿವರಿಸಿದೆ. ಅವನ ಮುಖ ಕೆಂಪಗಾಯಿತು. ಕಚೇರಿಯಲ್ಲಿ ನಿರ್ದೇಶಕರು ಮಾತ್ರ, "ಇಂಥದ್ದನ್ನೆಲ್ಲ ಅವರಿಗೆ ಹೇಳೋಕೆ ಹೋಗಬೇಡಮ್ಮ, ತಪ್ಪು ತಿಳ್ಕೋತಾರೆ," ಅಂದರು. ನಿರ್ದೇಶಕರು ಮೈಸೂರಿನವರು, ದೊಡ್ಡ ಮನೆತನದವರು. ತಪ್ಪು ತಿಳಿಯುವುದಕ್ಕೆ ಅದರಲ್ಲಿ ಏನು ಉಳಿದಿತ್ತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಮೇಲೆ ಸಂಸ್ಥೆಯ ಮುಖ್ಯ ಕಚೇರಿಯಿಂದ ಇಂಗ್ಲೆಂಡಿನವರೊಬ್ಬರು ಬಂದರು. ಮುಂದಿನ ಐದು ವರ್ಷಕ್ಕೆ ಯಾವ ಯಾವ ದೇಶದಿಂದ ಎಷ್ಟು ಜನ ಸ್ವಯಂಸೇವಕರು ಬರಬೇಕು, ಬಂದು ಏನು ಮಾಡಬೇಕು, ಅದರಿಂದ ಹಳ್ಳಿಗೆ ಏನಾಗಬೇಕು ಎಂದು ಯೋಜನೆ ಹಾಕುವುದು ಅವರ ಕೆಲಸ. ಅವರನ್ನು ನಾವು ಯೋಜಕರು ಎಂದು ಕರೆಯುತ್ತಿದ್ದೆವು. ಎತ್ತರದ ಆಳು, ತಾಳ್ಮೆಯವರು, ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳುವವರು. ನಂಜನಗೂಡಿನ ಕಚೇರಿಯ ಗೋಡೆಗೆ ಕಂದು ಕಾಗದ ಅಂಟಿಸಿ, ಬಣ್ಣ ಬಣ್ಣದ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಹಳ್ಳಿಯಿಂದ ಹೆಂಗಸರನ್ನು ಬಸ್ಸಿನಲ್ಲಿ ಕರೆಸಿದರು.

ಕೇರಿಯ ಹೆಂಗಸರ ಸಂಘದ ಅಧ್ಯಕ್ಷೆಯನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎಂದೆ. ದೊಡ್ಡ ಗಂಟಲು, ದೊಡ್ಡ ಕುಂಕುಮ, ಜಗಳಕ್ಕೆ ಎಂದೂ ಹಿಂದೆಗೆಯದ ಹೆಂಗಸು. ಸಂಘದ ಸಭೆಗೆ ತಡವಾಗಿ ಬಂದವರನ್ನು ಅವಳು ಬಯ್ಯುತ್ತಿದ್ದ ರೀತಿಗೆ ಬೀದಿಯ ಗಂಡಸರೂ ಬೇಗ ಮನೆ ಸೇರುತ್ತಿದ್ದರಂತೆ.

ಯೋಜಕರು ಎದ್ದು ನಿಂತು, "ನೀವೆಲ್ಲ ಈ ಯೋಜನೆಯಲ್ಲಿ ಸ್ಟೇಕ್‌ಹೋಲ್ಡರುಗಳು," ಎಂದರು. ನನಗೆ ಕನ್ನಡ ಪದ ತೋಚಲಿಲ್ಲ. ನಿರ್ದೇಶಕರು ಪಕ್ಕದಿಂದ, "ಪಾಲುದಾರರು ಅನ್ನಮ್ಮ," ಎಂದರು. ಹಾಗೇ ಹೇಳಿದೆ.

"ಪಾಲಾ?" ಅಂದಳು ಅಕ್ಕ. "ಯಾವ ಜಮೀನ್ದವ್ವ?"

ಹೆಂಗಸರೆಲ್ಲ ನಕ್ಕರು. ಯೋಜಕರು ಏನೆಂದು ಕೇಳಿ ತಿಳಿದು ತಾವೂ ನಕ್ಕರು. 'ಜಮೀನು' ಎಂದು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಮಧ್ಯಾಹ್ನದ ಊಟವಾದ ಮೇಲೆ ನೋಡಿದರೆ ಆ ಚೀಟಿ ಇರಲಿಲ್ಲ. ಕೇಳಿದ್ದಕ್ಕೆ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಹೆಂಗಸರು ಕೇಳಿದ್ದು ನೀರು. ಊರೊಳಗೆ ಪಂಚಾಯಿತಿಯ ನೀರಿನ ತೊಂಬೆ ಇತ್ತು. ಅಲ್ಲಿಂದ ಕೇರಿಗೆ ಪೈಪು ಎಳೆದಿರಲಿಲ್ಲ. ಕೇರಿಯ ಬೋರ್‌ವೆಲ್ ನೀರು ಬಾಯಿಗಿಡಲಾಗದಷ್ಟು ಉಪ್ಪು. ಊರಿನವರು ಹಿಡಿದು ಮುಗಿಸುವವರೆಗೂ ಕೇರಿಯ ಹೆಂಗಸರು ತೊಂಬೆಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ನಿಂತಿರಬೇಕಿತ್ತು. ಬಹಿರ್ದೆಸೆಗೆ ನಾಲೆ ಏರಿಯ ಮರೆ.

"ಮೊದ್ಲು ನಮ್ಗೆ ನೀರು ಕೊಡ್ಸಿ ಅನ್ನವ್ವ," ಅಂದಳು ಅಕ್ಕ. "ತೊಂಬೆಯಿಂದ ಒಂದು ಪೈಪ್ ಎಳುದ್ರೆ ಆಯ್ತದೆ. ನೀರು ಬಂದ್ರೆ ಕಕ್ಕಸ್ಸ ನಾವೇ ಕಟ್ಕತೀವಿ."

ಯೋಜಕರು ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ವಿವರಿಸಿದರು. ಪೈಪು ಹಾಕುವುದು ಸರ್ಕಾರದ ಜವಾಬ್ದಾರಿ, ಅದರಲ್ಲಿ ಕೈಹಾಕಿದರೆ ರಾಜಕೀಯವಾಗುತ್ತದೆ. ಅಲ್ಲದೆ ಸ್ವಯಂಸೇವಕರು ತಮ್ಮ ಕೈಯಾರೆ ಮಾಡಿ ಮುಗಿಸಬಹುದಾದ ಕೆಲಸವೇ ಬೇಕು. ನೀರಿನ ಚೀಟಿಯನ್ನೂ ಕಕ್ಕಸಿನ ಚೀಟಿಯನ್ನೂ ಪಕ್ಕಪಕ್ಕ ಸರಿಸಿ, ಎರಡಕ್ಕೂ ಸೇರಿಸಿ ಒಂದು ದೊಡ್ಡ ಚೀಟಿ ಹಚ್ಚಿದರು: ನೀರೇ ಬೇಡದ ಶೌಚಾಲಯ. "ನೀರಿಲ್ಲ ಅನ್ನುವುದು ನಿಮ್ಮ ಸಮಸ್ಯೆಯಲ್ಲ, ನಿಮ್ಮ ಅವಕಾಶ," ಎಂದರು. ಅದನ್ನು ಕನ್ನಡದಲ್ಲಿ ಹೇಳಿದಾಗ ಯಾರೂ ನಗಲಿಲ್ಲ, ಯಾರಿಗೂ ಏನೆಂದು ತಿಳಿಯಲೂ ಇಲ್ಲ.

ಹೀಗೆ ಯೋಜನೆ ತಯಾರಾಯಿತು. ನೆಲದ ಮೇಲೆ ಎರಡು ಇಟ್ಟಿಗೆಯ ತೊಟ್ಟಿ, ಅವುಗಳ ಮೇಲೆ ಕೂರುವ ಜಾಗ. ಒಂದು ತೊಟ್ಟಿಯನ್ನು ಬಳಸುವುದು, ಪ್ರತಿ ಸಲ ಒಲೆಯ ಬೂದಿ ಉದುರಿಸುವುದು, ತೊಳೆದುಕೊಳ್ಳುವುದಕ್ಕೆ ಪಕ್ಕದಲ್ಲಿ ಬೇರೆ ಕಲ್ಲು. ಅದು ತುಂಬಿದರೆ ಮುಚ್ಚಿ ಇನ್ನೊಂದನ್ನು ಬಳಸುವುದು. ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ಇರುವುದೆಲ್ಲ ಕೊಳೆತು ಗೊಬ್ಬರವಾಗಿರುತ್ತದೆ, ತೆಗೆದು ಹೊಲಕ್ಕೆ ಹಾಕುವುದು. ಯಾರ ಮನೆಯದನ್ನು ಅವರೇ ತೆಗೆಯುತ್ತಾರೆ ಎಂದು ಆಗ ಮಾತಾಗಿತ್ತು.

ಊರೊಳಗೂ ಕೇರಿಯಲ್ಲೂ ಕಟ್ಟಿದರು. ಆ ಕೆಲಸದ ದಿನಗಳು ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳಬೇಕು. ತಂಡದಲ್ಲಿ ಡೆನ್ಮಾರ್ಕಿನ ಒಬ್ಬ ಹುಡುಗಿ ಇದ್ದಳು, ನನಗಿಂತ ಚಿಕ್ಕವಳು. ಅಂಗೈಯೆಲ್ಲ ಬೊಬ್ಬೆ ಬಂದರೂ ಇಟ್ಟಿಗೆ ಹೊರುವುದನ್ನು ಬಿಡಲಿಲ್ಲ. ಕೇರಿಯ ಹೆಂಗಸರು ಅವಳ ತಲೆಗೆ ಸಿಂಬಿ ಕಟ್ಟಿ, ನಡೆಯುವುದನ್ನು ಕಲಿಸಿ, ಅವಳು ಎಡವಿದಾಗಲೆಲ್ಲ ನಕ್ಕು ಸುಸ್ತಾಗುತ್ತಿದ್ದರು. ತಂಡ ವಾಪಸಾದರೂ ಅವಳು ಉಳಿದಳು. ನಂಜನಗೂಡಿನಲ್ಲಿ ನನ್ನ ಜೊತೆ ತರಕಾರಿ ತರಲು ಬರುತ್ತಿದ್ದಳು, ನಮ್ಮ ಮನೆಯಲ್ಲಿ ಊಟ ಮಾಡಿದಳು, ಅಮ್ಮನಿಂದ ಅಷ್ಟಿಷ್ಟು ಕನ್ನಡ ಕಲಿತಳು.

ತೊಟ್ಟಿಗಳು ತುಂಬಿದವು. ತೆಗೆಯುವ ಸಮಯ ಬಂತು. ಯೋಜಕರು ಮತ್ತೆ ಬಂದಿದ್ದರು. ಸಂಜೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಡೈರಿಯ ಮುಂದೆ ಊರಿನವರ ಸಭೆ ಸೇರಿಸಿದರು. ಇನ್ನು ಮೊದಲನೇ ತೊಟ್ಟಿ ತೆಗೆಯಬಹುದು, ಹೇಗೆಂದು ತೋರಿಸಿಕೊಡುತ್ತೇವೆ ಎಂದು ಹೇಳಿಸಿದರು.

ಸೆಕ್ರೆಟರಿಯವರಿಗೆ ಆಶ್ಚರ್ಯವಾಯಿತು. "ತಗೀಬೇಕಾ? ನಾವಾ?" ಎಂದರು. ಆಮೇಲೆ ನಿರ್ದೇಶಕರ ಕಡೆ ತಿರುಗಿ ಸಮಾಧಾನ ಹೇಳುವವರ ಹಾಗೆ, "ಅದ್ಕೇನ್ ಸಾ, ಕೇರಿಯೋರ್ಗೆ ಏಳುದ್ರಾಯ್ತು. ಅವ್ರಿಗೂ ಒಂದ್ ಕೆಲ್ಸ ಆಯ್ತದೆ. ಅಭ್ಯಾಸ ಅದೆ ಬುಡಿ ಅವ್ರಿಗೆ," ಎಂದರು.

"ಯಾವ ಅಭ್ಯಾಸ ಸಾರ್?" ಎಂದು ನಾನು ಕೇಳಿದೆ.

ಅವರು ನನ್ನನ್ನು ನೋಡಿದರು. ಮುಖದಲ್ಲಿ ಒಂದಿಷ್ಟೂ ಮುಜುಗರ ಇರಲಿಲ್ಲ. "ಅಯ್ಯೋ, ನಿಮ್ಗಲ್ಲ ಕಣವ್ವ ಏಳಿದ್ದು. ನೀವು ಓದ್ದೋರು," ಎಂದರು.

ಈ ಮಾತನ್ನೆಲ್ಲ ನಾನು ಯೋಜಕರಿಗೆ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ, ಅಭ್ಯಾಸದ ಮಾತನ್ನೂ ಸೇರಿಸಿ. ಅವರ ಮುಖ ಅರಳಿತು. ಜೀಪಿನಲ್ಲಿ ವಾಪಸು ಬರುವಾಗ, ಇದು ಜೀವನೋಪಾಯವಾಗುತ್ತದೆ, ಬಡವರಿಗೆ ವರ್ಷವಿಡೀ ಕೆಲಸ, ಹೊಲಕ್ಕೆ ಗೊಬ್ಬರ, ಯೋಜನೆ ತನ್ನ ಕಾಲ ಮೇಲೆ ತಾನು ನಿಂತ ಹಾಗಾಯಿತು ಎಂದೆಲ್ಲ ಹೇಳತೊಡಗಿದರು. ನಾನು ತಡೆದು, ನಮ್ಮ ದೇಶದಲ್ಲಿ ಮಲ ಹೊರಿಸುವುದು ಕಾನೂನಿಗೆ ವಿರುದ್ಧ, ಅದು ಯಾರಿಂದ ಯಾರು ಹೊರಿಸುತ್ತಿದ್ದ ಕೆಲಸ ಗೊತ್ತೇ ಎಂದು ಕೇಳಿದೆ. "ಆ ಕಾನೂನು ಹಸಿ ಮಲಕ್ಕೆ. ಇದು ಗೊಬ್ಬರ. ವೈಜ್ಞಾನಿಕವಾಗಿ ಎರಡೂ ಬೇರೆ ಬೇರೆ," ಎಂದರು ಅವರು. ಮುಂದಿನ ಸೀಟಿನಿಂದ ನಿರ್ದೇಶಕರು ತಿರುಗಿ, "ಇಷ್ಟು ಭಾವುಕಳಾದರೆ ಈ ಕ್ಷೇತ್ರದಲ್ಲಿ ಕೆಲಸ ಮಾಡೋಕಾಗಲ್ಲಮ್ಮ," ಅಂದರು. ತಾಂಡವಪುರದ ಹತ್ತಿರವಿದ್ದ ಅತಿಥಿಗೃಹದಲ್ಲಿ ಯೋಜಕರನ್ನು ಇಳಿಸಿ ನಂಜನಗೂಡಿಗೆ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಮಾರನೇ ದಿನ ಕೇರಿಯ ಸಭೆ. ಸಮುದಾಯ ಭವನದ ಮುಂದಿನ ಹೊಂಗೆಮರದ ಕೆಳಗೆ ಚಾಪೆ ಹಾಸಿದ್ದರು. ಯೋಜಕರು ಕೈಗವಸು, ಬೂಟು ತುಂಬಿದ ಒಂದು ಚೀಲವನ್ನೂ, ಒಂದು ತೊಟ್ಟಿಯಿಂದ ತೆಗೆಸಿದ್ದ ಗೊಬ್ಬರವನ್ನು ಬಾಂಡಲಿಯಲ್ಲೂ ತಂದಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಊರೊಳಗಿನ ಮನೆಗಳ ತೊಟ್ಟಿ ತೆಗೆಯುವ ಕೆಲಸವನ್ನು ಕೇರಿಯವರಿಗೆ ಕೊಡಬೇಕೆಂದಿದ್ದಾರೆ. ಬೂಟು, ಕೈಗವಸು, ತರಬೇತಿ ಎಲ್ಲ ಸಂಸ್ಥೆಯದು. ಗೊಬ್ಬರ ಮಣ್ಣಿಗೆ ಪೋಷಕಾಂಶವಾದ್ದರಿಂದ ಆ ಕೆಲಸ ಮಾಡುವವರನ್ನು ಪೋಷಕಾಂಶ ಕಾರ್ಯಕರ್ತರು ಎಂದು ಕರೆಯುತ್ತಾರೆ.

ಒಬ್ಬ ಮುದುಕರು ಎದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಯಾರನ್ನೂ ನೋಡದೆ ತಮ್ಮ ಮನೆಯ ಕಡೆ ನಡೆದುಹೋದರು. ಮಿಕ್ಕವರು ಕೂತೇ ಇದ್ದರು.

"ಇನ್ನೊಂದ್ಸಲ ಏಳವ್ವ," ಅಂದಳು ಅಕ್ಕ.

ಇನ್ನೊಂದು ಸಲ ಹೇಳಿದೆ.

"ಇದ ನೀನು ಏಳ್ತಾ ಇದ್ದೀಯೋ, ಅವ್ರು ಏಳ್ತಾ ಅವ್ರೋ?"

"ಅವರು ಹೇಳ್ತಾ ಇರೋದು ಅಕ್ಕ. ನಾನು ಕನ್ನಡ ಮಾಡ್ತಾ ಇದೀನಿ ಅಷ್ಟೆ."

"ಅಂಗಾದ್ರೆ ನಂದನ್ನೂ ಅಂಗೇ ಇಂಗ್ಲೀಸ್ ಮಾಡು. ಒಂದಕ್ಸರ ಬುಡ್ಬೇಡ. ಅವ್ರೂರಲ್ಲಿ ಅವ್ರ ಕಕ್ಕಸ್ಸ ಯಾರು ಬಾಚ್ತಾರಂತೆ ಕೇಳು."

ಯೋಜಕರು ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ತಮ್ಮಲ್ಲಿ ಮನೆಮನೆಗೂ ಪೈಪು ಇದೆ, ಎಲ್ಲ ನೀರಿನಲ್ಲಿ ಕೊಚ್ಚಿಹೋಗುತ್ತದೆ, ಅದು ನಿಸರ್ಗಕ್ಕೆ ಬಗೆದ ದೊಡ್ಡ ತಪ್ಪು, ಆ ತಪ್ಪನ್ನು ನೀವು ಮಾಡಬಾರದು ಎಂದೇ ಇಷ್ಟು ದೂರ ಬಂದಿದ್ದೇವೆ ಎಂದರು.

"ಆ ತಪ್ಪ ನಾವೂ ಒಂದ್ಸಲ ಮಾಡ್ತೀವಿ, ಪೈಪ್ ಆಕ್ಸಿ ಅನ್ನು," ಅಂದಳು ಅಕ್ಕ.

ಈಗ ಹೆಂಗಸರು ನಕ್ಕರು. ಯೋಜಕರು ನಗಲಿಲ್ಲ. ಬಾಂಡಲಿಗೆ ಕೈಹಾಕಿ ಒಂದು ಹಿಡಿ ಗೊಬ್ಬರ ತೆಗೆದು, ಬರಿಗೈಯಲ್ಲಿ ಪುಡಿಮಾಡಿ, ಮೂಗಿನ ಹತ್ತಿರ ಹಿಡಿದು ಮೂಸಿದರು. "ನೋಡಿ, ವಾಸನೆಯಿಲ್ಲ. ಇದು ಮಣ್ಣು. ಅಸಹ್ಯ ಇರುವುದು ನಿಮ್ಮ ಮನಸ್ಸಿನಲ್ಲಿ," ಎಂದರು.

ಅದನ್ನೂ ಕನ್ನಡದಲ್ಲಿ ಹೇಳಿದೆ.

ಅಕ್ಕ ಎದ್ದು ನಿಂತಳು. ಅವಳ ದನಿ ಮಾಮೂಲಿಗಿಂತ ತಗ್ಗಿತ್ತು. "ಅವ್ರು ಕೈಗೆತ್ಕಂಡ್ರೆ ಅವ್ರು ದೊಡ್ಡೋರಾಯ್ತಾರೆ. ನಾವು ಎತ್ಕಂಡ್ರೆ ನಾವು ಏನಾಯ್ತೀವಿ ಅಂತ ಕೇಳು," ಅಂದಳು.

ನಾನು ಬಾಯಿ ತೆರೆಯುವುದರೊಳಗೆ ನಿರ್ದೇಶಕರು, "ಸ್ವಲ್ಪ ಮೃದುವಾಗಿ ಹೇಳಮ್ಮ," ಅಂದರು. ನಾನು ಮೃದು ಮಾಡಲಿಲ್ಲ. ಅಕ್ಕನ ಮಾತನ್ನು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ, ಆಮೇಲೆ ಯೋಜಕರ ಮುಖವನ್ನೇ ನೋಡುತ್ತಾ ಇನ್ನೊಂದು ಸಲ ಹೇಳಿದೆ. ಅವರು ಕೈಯಲ್ಲಿದ್ದ ಗೊಬ್ಬರವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಕೊನೆಗೆ ಅಕ್ಕನೇ ತೀರ್ಮಾನ ಹೇಳಿದಳು. "ನಮ್ಮಟ್ಟಿದ ನಾವು ತಗೀತೀವಿ. ಊರೋರ್ದ ಊರೋರು ತಕ್ಕೊಳ್ಳಿ. ಅದ್ರಲ್ಲಿ ನಮ್ದೇನೂ ತಕರಾರಿಲ್ಲ. ಬೂಟ ಅವ್ರಿಗೇ ಕೊಡಿ, ಅಳತೆ ಸರಿಯಾಯ್ತದೆ."

ಸಭೆ ಮುಗಿಯಿತು. ಡೆನ್ಮಾರ್ಕಿನ ಹುಡುಗಿ ಜೀಪಿನ ಹತ್ತಿರ ಯೋಜಕರ ಜೊತೆ ವಾದಕ್ಕೆ ನಿಂತಳು. ಅವರವರ ಮನೆಯದನ್ನು ಅವರವರೇ ತೆಗೆಯಬೇಕೆಂದು ತಾನೇ ನಾವು ಕಟ್ಟುವಾಗ ಹೇಳಿದ್ದು, ಈಗ ಯಾಕೆ ಬದಲಾಯಿತು ಎಂದು ಕೇಳಿದಳು. ಸನ್ನಿವೇಶಕ್ಕೆ ತಕ್ಕಂತೆ ಯೋಜನೆ ಬದಲಾಗಬೇಕು ಎಂದರು ಯೋಜಕರು. ಮರುದಿನವೇ ಅವಳು ನನ್ನನ್ನು ಕರೆದುಕೊಂಡು ಊರೊಳಗೆ ಮನೆಮನೆ ಸುತ್ತಿದಳು. ನಿಮ್ಮ ತೊಟ್ಟಿ ನೀವೇ ತೆಗೆಯಿರಿ, ನಾನೂ ಜೊತೆಗೆ ಕೈಹಾಕುತ್ತೇನೆ ಎಂದು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಬೇಡಿಕೊಂಡಳು. ಎಲ್ಲರೂ ನಗುನಗುತ್ತಾ ಮಾತಾಡಿಸಿದರು. ಒಬ್ಬರೂ ಒಪ್ಪಲಿಲ್ಲ.

ಆಗ ಅವಳು ಮಾಡಿದ ಕೆಲಸ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. ಆ ವಾರ ಹೊಸ ತಂಡವೊಂದು ಬಂದಿಳಿದಿತ್ತು. ಅವರನ್ನು ಸೇರಿಸಿಕೊಂಡು ಊರೊಳಗಿನ ತೊಟ್ಟಿಗಳನ್ನು ತಾನೇ ತೆಗೆಯಲು ನಿಂತಳು. ಬಿಳಿಯ ಹುಡುಗ ಹುಡುಗಿಯರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸನಿಕೆಯಲ್ಲಿ ಎತ್ತಿ ಎತ್ತಿ ಗಾಡಿಗೆ ತುಂಬಿದರು. ಊರಿಗೆ ಊರೇ ನೋಡಲು ನೆರೆಯಿತು. ಒಬ್ಬ ಅಜ್ಜಿ ಕೈಮುಗಿದರು. ನಿರ್ದೇಶಕರು ಫೋಟೋ ತೆಗೆದರು. ಕೆಲಸ ಮುಗಿದ ಮೇಲೆ ಸೆಕ್ರೆಟರಿಯವರು ಎಲ್ಲರ ಕೈಕಾಲು ತೊಳೆಸಿ, ಎಳನೀರು ಕೆತ್ತಿಸಿ ಕೊಟ್ಟು, ಅದೇ ಹಜಾರದಲ್ಲಿ ಕೂರಿಸಿ ಊಟ ಹಾಕಿದರು.

ಸಂಜೆ ಬಸ್‌ ಸ್ಟಾಪಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತಳು. ಸುಸ್ತಾಗಿದ್ದಳು, ಸಂತೋಷವಾಗಿದ್ದಳು. "ನೋಡು, ಇದರಲ್ಲಿ ಅವಮಾನ ಏನೂ ಇಲ್ಲ ಅಂತ ತೋರಿಸಿದೆ," ಎಂದಳು.

"ನಿನಗೆ ಇಲ್ಲ," ಎಂದೆ. "ನಾಳೆ ಕೇರಿಯ ಹುಡುಗನೊಬ್ಬ ಅದೇ ಸನಿಕೆ ಹಿಡಿದರೆ ಅವನಿಗೆ ಎಳನೀರು ಕೊಡ್ತಾರಾ? ಹಜಾರದಲ್ಲಿ ಕೂರಿಸ್ತಾರಾ? ನೀನು ಸೋಪು ಹಾಕಿ ತೊಳ್ಕೊಂಡೆ, ಹೋಯಿತು. ನಮ್ಮ ತಾತಂದಿರು ಸಾಯೋ ತನಕ ತೊಳ್ಕೊಂಡ್ರು, ಹೋಗಲಿಲ್ಲ."

ಅವಳ ಕಣ್ಣು ತುಂಬಿತು. "ಹಾಗಾದರೆ ನಾನು ಏನು ಮಾಡಬೇಕಿತ್ತು?"

"ತುಂಬಿದ್ದನ್ನ ಹಾಗೇ ಬಿಡಬೇಕಿತ್ತು. ಅವರ ಮನೆಯದು ಅವರ ಮೂಗಿಗೇ ಬಡಿಯೋ ತನಕ."

ಬಸ್ಸು ಬಂತು, ನಾನೊಬ್ಬಳೇ ಹತ್ತಿದೆ.

ನಾನು ಹೆದರಿದ್ದೇ ಆಯಿತು. ಫಾರಿನ್ನೋರೇ ಎತ್ತಿದ್ರು, ನಿಮ್ಗೇನ್ಲಾ ದೊಡ್ರೋಗ ಎಂದು ಊರಿನವರು ಕೇರಿಯ ಹುಡುಗರನ್ನು ಹಂಗಿಸತೊಡಗಿದರು. ಆ ಸಲ ನಾಟಿಗೆ ಕೇರಿಯ ಹೆಂಗಸರನ್ನು ಯಾರೂ ಕರೆಯಲಿಲ್ಲ. ನಾಟಿ ಎಂದರೆ ಅವರಿಗೆ ವರ್ಷದ ಅನ್ನ. ನಸುಕಿಗೇ ಎದ್ದು ಹೊಳೆ ದಾಟಿ, ಸುತ್ತೂರಿನ ಕಡೆ ಗದ್ದೆ ಇದ್ದವರಲ್ಲಿ ಕೆಲಸ ಕೇಳಿಕೊಂಡು ಹೋದರು. ಕೇರಿಗೆ ಒಳ್ಳೆಯದು ಮಾಡಲು ದೇಶ ದಾಟಿ ಬಂದ ಯೋಜನೆಯಿಂದ ಕೇರಿಗೆ ಆದ ಮೊದಲ ಫಲ ಇದು. ನಾನು ಇದನ್ನು ಕಚೇರಿಯ ಸಭೆಯಲ್ಲಿ ಹೇಳಿದೆ. ಇದು ಯೋಜನೆಗೆ ನೇರವಾಗಿ ಸಂಬಂಧಪಟ್ಟದ್ದಲ್ಲ ಎಂದರು.

ಮನೆಯಲ್ಲಿ ಇದನ್ನೆಲ್ಲ ಬಹಳ ದಿನ ಹೇಳಿರಲಿಲ್ಲ. ನನ್ನ ಕೆಲಸದ ಬಗ್ಗೆ ಅಪ್ಪ ಡಿಪೋದಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ. ಅಪ್ಪ ತುತ್ತು ಕೆಳಗಿಟ್ಟರು.

"ನಮ್ಮಪ್ಪ ಊರ ಚಾಕರಿ ಮಾಡ್ತಿದ್ರು," ಅಂದರು. "ದನ ಸತ್ರೆ ಎಳಿಯಾದು, ಕರೆದ್ರೆ ಗುಂಡಿ ಬಾಚಾದು. ಸ್ಕೂಲಲ್ಲಿ ನನ್ ಪಕ್ಕ ಯಾರೂ ಕೂರ್ತಿರ್ಲಿಲ್ಲ, ವಾಸ್ನೆ ಅಂತಿದ್ರು. ದಿನಾ ಒಳೇಲಿ ಮುಳುಗಿ ಎದ್ದೇ ಓಗ್ತಿದ್ದೆ. ಆಗ್ಲೂ ಅಂಗೇ ಅಂತಿದ್ರು."

ಸ್ಕೂಲಿನ ಆ ಮಾತನ್ನು ಅಪ್ಪ ನನಗೆ ಅದಕ್ಕೆ ಮೊದಲು ಎಂದೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಕೆಲ್ಸ ಬುಟ್ಬುಡು ಮಗ," ಅಂದರು.

ತಕ್ಷಣ ಬಿಡಲಿಲ್ಲ. ಬಿಟ್ಟರೆ ಅಕ್ಕನ ಮಾತನ್ನು ಆ ಕಚೇರಿಯೊಳಗೆ ಹೇಳುವವರು ಯಾರೂ ಇರುವುದಿಲ್ಲ ಅನ್ನಿಸಿತ್ತು. ಆದರೆ ಯೋಜನೆಯ ಅವಧಿಯ ನಡುವೆ ಅದರ ಪರಿಶೀಲನೆ ನಡೆಯಿತು. ಆ ವರದಿಯ ಸಾರಾಂಶವನ್ನು ಪಂಚಾಯಿತಿಗೆ ಕೊಡಲು ಕನ್ನಡಕ್ಕೆ ಮಾಡು ಎಂದು ನನ್ನ ಕೈಗಿತ್ತರು. ಕೇರಿಯ ಜನ ಸಾಂಸ್ಕೃತಿಕ ಹಿಂಜರಿಕೆಯಿಂದಾಗಿ ಯೋಜನೆಯನ್ನು ತಮ್ಮದಾಗಿಸಿಕೊಳ್ಳಲಿಲ್ಲ ಎಂದು ಅದರಲ್ಲಿತ್ತು. ಊರಿನವರ ಬಗ್ಗೆ ಒಂದು ಮಾತೂ ಇರಲಿಲ್ಲ. ನಾಟಿಯ ಸುದ್ದಿ ಇರಲಿಲ್ಲ. ನಿರ್ದೇಶಕರ ಕೋಣೆಗೆ ಹೋಗಿ, ಇದನ್ನು ಕನ್ನಡದಲ್ಲಿ ಬರೆದರೆ ನನ್ನ ಕೈ ಸುಡುತ್ತದೆ ಎಂದೆ. "ಹಾಗಾದರೆ ಬೇರೆಯವರು ಬರೀತಾರೆ ಬಿಡು," ಅಂದರು. ಅವತ್ತೇ ಕೆಲಸ ಬಿಟ್ಟೆ. ಡೆನ್ಮಾರ್ಕಿನ ಹುಡುಗಿಯೂ ಆ ತಿಂಗಳೇ ಅವಧಿಗೆ ಮುಂಚೆ ಹೊರಟಳು. ಹೋಗುವ ಮುಂಚೆ ಅಕ್ಕನ ಮನೆಗೆ ಹೋಗಿ, ಒಲೆಯ ಮುಂದೆ ಕೂತು ಉಂಡು ಬಂದಳಂತೆ. ಆಮೇಲೆ ಏನಾದಳೋ ಗೊತ್ತಿಲ್ಲ.

ನನಗೆ ನರಸೀಪುರದಲ್ಲೇ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಅಕ್ಕನ ಊರು ಈಗ ಹತ್ತಿರವಾಯಿತು. ಸಂಘದ ಹೆಂಗಸರು ನೀರಿನ ವಿಷಯವನ್ನು ಬಿಟ್ಟಿರಲಿಲ್ಲ. ಖಾಲಿ ಕೊಡ ಹಿಡಿದುಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂತರು. ಎಷ್ಟೋ ಸಲ ಕೂತರು. ರಜೆಯಿದ್ದ ದಿನ ನಾನೂ ಹೋಗಿ ಕೂರುತ್ತಿದ್ದೆ. ಅಲ್ಲಿ ಅನುವಾದ ಮಾಡಬೇಕಾದದ್ದು ಏನೂ ಇರಲಿಲ್ಲ. ಅಧಿಕಾರಿಗಳು ಇವತ್ತು ನಾಳೆ ಎಂದು ಸತಾಯಿಸಿದರು, ಒಬ್ಬರು ವರ್ಗವಾಗಿ ಇನ್ನೊಬ್ಬರು ಬಂದರು, ಅವರಿಗೆ ಮೊದಲಿನಿಂದ ಹೇಳಬೇಕಾಯಿತು. ನಡುವೆ ಪಂಚಾಯಿತಿ ಚುನಾವಣೆ ಬಂತು. ಮೀಸಲು ಸ್ಥಾನಕ್ಕೆ ಅಕ್ಕ ನಿಂತು ಗೆದ್ದಳು. ಆಮೇಲೂ ಎರಡು ಬೇಸಿಗೆ ಕಳೆಯಿತು. ಅಂತೂ ಗದ್ದೆಬಯಲಿನ ಅಂಚಿನಲ್ಲಿ ಉದ್ದಕ್ಕೂ ನೆಲ ಅಗೆದು ಕೇರಿಗೆ ಪೈಪು ಎಳೆದರು.

ನಲ್ಲಿಯಲ್ಲಿ ನೀರು ಬಂದ ದಿನ ನಾನು ಅಲ್ಲಿದ್ದೆ. ಮೊದಲು ಗಾಳಿ ಬುಸುಗುಟ್ಟಿತು, ಕೆಂಪು ನೀರು ಬಂತು, ತಿಳಿಯಾಯಿತು. ಹೆಂಗಸರು ಪೂಜೆ ಮಾಡಿದರು, ಅದಾದ ಕೂಡಲೇ ಯಾರ ಕೊಡ ಮೊದಲು ಎಂದು ಜಗಳ ಶುರುವಾಯಿತು, ಅಕ್ಕ ಎಲ್ಲರನ್ನೂ ಬಯ್ದಳು. ಊರೊಳಗಿನ ಆ ಒಣ ಕಕ್ಕಸುಗಳಲ್ಲಿ ಅಷ್ಟು ಹೊತ್ತಿಗೆ ಸೌದೆ, ಬೆರಣಿ ತುಂಬಿದ್ದರು. ಕೇರಿಯಲ್ಲಿ ಮಾತ್ರ ಕೆಲವು ಮನೆಯವರು ತಮ್ಮದನ್ನು ತಾವೇ ತೆಗೆದುಕೊಂಡು ನೀರು ಬರುವವರೆಗೂ ಬಳಸಿದರು. ಅಕ್ಕನ ಹಿತ್ತಲಿನ ನುಗ್ಗೆಮರಕ್ಕೆ ಅದೇ ಗೊಬ್ಬರ. ಆ ತೊಟ್ಟಿಗಳಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಇನ್ನೂ ಒಂದೆರಡು ವರ್ಷ ಕಳೆದ ಮೇಲೆ, ಆ ಸಂಸ್ಥೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಗೆಳತಿ ನಂಜನಗೂಡಿನಲ್ಲಿ ಸಿಕ್ಕಿ ಒಂದು ಬಣ್ಣದ ಪುಸ್ತಿಕೆ ತೋರಿಸಿದಳು. ಸಂಸ್ಥೆಯ ಹೊಸ ಐದು ವರ್ಷದ ಯೋಜನೆಯದು, ಇನ್ನಷ್ಟು ದೇಶಗಳ ಸ್ವಯಂಸೇವಕರನ್ನು ಕರೆಯಲು ಅಚ್ಚು ಹಾಕಿಸಿದ್ದು. ನುಣುಪು ಕಾಗದದ ಮುಖಪುಟದಲ್ಲಿ ಕೇರಿಯ ನಲ್ಲಿ, ಯಾವಾಗಲೋ ಬಂದು ತೆಗೆದುಕೊಂಡು ಹೋದ ಪಟ. ಅಕ್ಕ ಕೊಡ ಹಿಡಿದು ನಿಂತಿದ್ದಾಳೆ, ಹಿಂದೆ ಹೆಂಗಸರು ನಗುತ್ತಿದ್ದಾರೆ. ನಮ್ಮ ಸ್ವಯಂಸೇವೆಯ ಫಲ ಎಂದು ಕೆಳಗೆ ಇಂಗ್ಲಿಷಿನಲ್ಲಿ.

ಅಲ್ಲಿಂದ ನೇರ ಕಚೇರಿಗೆ ಹೋದೆ. ನಿರ್ದೇಶಕರು ಎದ್ದು ಬರಮಾಡಿಕೊಂಡರು, ಕಾಫಿ ತರಿಸಿದರು. ಪುಸ್ತಿಕೆಯನ್ನು ಮೇಜಿನ ಮೇಲೆ ಇಟ್ಟು, ಈ ಪೈಪಿನಲ್ಲಿ ನಿಮ್ಮದು ಏನಿದೆ ಸಾರ್, ಪೈಪು ನಮ್ಮ ಕೆಲಸವಲ್ಲ ಎಂದವರು ನೀವೇ ಅಲ್ಲವೇ ಎಂದು ಕೇಳಿದೆ.

"ಒಟ್ಟಿನಲ್ಲಿ ನೀರು ಬಂತಲ್ಲಮ್ಮ," ಎಂದರು. "ಯಾರಿಂದ ಬಂದರೇನು? ನಾವು ಅರಿವು ಮೂಡಿಸಿದ್ದಕ್ಕೇ ತಾನೇ ಅವರು ಕೇಳಿದ್ದು?"

ಕಾಫಿ ಮುಟ್ಟದೆ ಎದ್ದು ಬಂದೆ. ಆ ಶನಿವಾರ ಶಾಲೆ ಮುಗಿಸಿ ಅಕ್ಕನ ಮನೆಗೆ ಹೋಗಿ ಪುಸ್ತಿಕೆ ಅವಳ ಕೈಗೆ ಕೊಟ್ಟೆ. ಅದರಲ್ಲಿ ಏನು ಬರೆದಿದೆ ಎಂದು ಸಿಟ್ಟಿನಲ್ಲಿ ಬಿಡಿಸಿ ಹೇಳಿದೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ ಪಟ ಚೆಂದಾಗಿ ಬಂದದೆ ಅಲ್ವಾ?" ಅಂದಳು. ಆಮೇಲೆ ಸೊಸೆಯನ್ನು ಕೂಗಿ ಕತ್ತರಿ ಕೇಳಿದಳು. ಕೆಳಗಿನ ಇಂಗ್ಲಿಷ್ ಸಾಲನ್ನು ಸರಿಯಾಗಿ ಅಂಚು ಹಿಡಿದು ಕತ್ತರಿಸಿ ಒಲೆಗೆ ಹಾಕಿ, ಪಟವನ್ನು ಗೋಡೆಗೆ ಅಂಟಿಸಲು ಅನ್ನದ ಅಗುಳು ತರಲು ಒಳಗೆ ಹೋದಳು.